ಖುಲ್ಲಾ ಜಾಗಾ ಅಂದ್ರ ಬಂಜರ ಅಲ್ರಿ: ವಿಜಯಪುರದಂಥಾ ಊರಾಗ ನಮ್ಮ ನೆಲದ ಹುಲ್ಲು, ಕಂಟಿ, ಗಿಡ ಮತ್ತ ತರೋದು ಹೆಂಗ

ಪ್ರತಿ ವರ್ಷ ಜೂನ್ 5 ಬಂತಂದ್ರ ನಮ್ಮ ಕಡೆ ಎಲ್ಲಾರೂ ಗಿಡ ಹಚ್ಚಾಕ ನಿಂತಬಿಡತೀವಿ. ಫೋಟೋ ಆಗತಾವು, ಒಂದ್ ವಾರ ನೀರು ಹಾಕತೀವಿ, ಮುಂದಿನ ಬ್ಯಾಸಗಿ ಅನ್ನೂದ್ರಾಗ ಬರೇ ಕಡ್ಡಿ ಉಳದಿರತಾವು. ನಮ್ಮ ಲೇಔಟ್‌ನ್ಯಾಗೂ ಹಂಗ ಆತು. ಊರ ಹೊರಗ 12 ಗುಂಟಾ ಗಾರ್ಡನ್ ಜಾಗಾ, ಮಡ್ಡಿ ನೆಲ, ಒಂದಿಷ್ಟು ಬಾರಿಕಂಟಿ, ತಂಗಡಿ, ಹುಲ್ಲು, ಅಲ್ಲಲ್ಲಿ ಗರಸು ಕಾಣತಿತ್ತು. ಮೇ ತಿಂಗಳ ಕೊನೀಗೆ ಜೆಸಿಬಿ ಕರಿಸಿ ಎಲ್ಲಾ ಕೆತ್ತಿಸಿ ಸಪಾಟ ಮಾಡಿದ್ವಿ. ಜೆಸಿಬಿ ಓಡಾಡೂ ಮುಂದ ಎರಡು ಟಿಟ್ಟಿಭ ಹಕ್ಕಿ ತಲಿ ಮ್ಯಾಲ ಸುತ್ತಿ ಸುತ್ತಿ ಒದರ್ತಿದ್ವು, ನಾವು ಸಪ್ಪಳಕ್ಕ ಹೆದರ್ಯಾವು ಅಂತ ತಿಳ್ಕೊಂಡ್ವಿ. ಸಂಜಿಕ ನೋಡಿದ್ರ ಗಾಲಿ ಗುರುತಿನ ಬಾಜೂಕ ಒಡದ ತತ್ತಿ ಸಿಪ್ಪಿ, ಗರಸಿನ ಬಣ್ಣಾನ ಇತ್ತು, ಮ್ಯಾಲ ಕರಿ ಚುಕ್ಕಿ, ಕೈಯಾಗ ಹಿಡದ್ರೂ ಕಲ್ಲೋ ತತ್ತಿಯೋ ಗೊತ್ತಾಗವಲ್ದು. ಆಮ್ಯಾಲ ಹಚ್ಚಿದ ಗುಲ್‌ಮೊಹರ್, ರೇನ್ ಟ್ರೀ ಅರ್ಧಕ್ಕಿಂತ ಹೆಚ್ಚು ಒಣಗಿದ್ವು, ಆ ಜಾಗಾದಾಗ ತುಂಬಾ ಬೆಳದದ್ದು ಕಾಂಗ್ರೆಸ್ ಕಸ.

ಅದಾದ ಮ್ಯಾಲ ನಾವು ಕಲಿತದ್ದು, ಓದಿದ್ದು, ಕುರಿ ಕಾಯಾವ್ರನ್ನ ಕೇಳಿ ತಿಳಕೊಂಡದ್ದು ಎಲ್ಲಾ ಇಲ್ಲಿ ಬರದೀನಿ. ಬಾಗಲಕೋಟಿ ನವನಗರದಾವ್ರಿಗೂ ಹೆಚ್ಚು ಕಡಿಮಿ ಇದ ನಡೀತೈತಿ. ಬೆಳಗಾವಿ ಮಂದಿಗೆ ಮಳಿ ಜಾಸ್ತಿ, ಮಣ್ಣು ಕೆಂಪು, ಘಟ್ಟ ಬಾಜೂಕ, ಅಲ್ಲಿ ಗಿಡದ ಲಿಸ್ಟ್ ಬ್ಯಾರೆ ಆಗತೈತಿ, ಆದ್ರ ನೋಡೂ ಪದ್ಧತಿ, ಎಣಿಸೂ ಪದ್ಧತಿ ಒಂದ.

ಮೊದಲ ಒಂದ್ ವಿಷಯ ತಲ್ಯಾಗ ಇಟ್ಕೋರಿ

ನಮ್ಮ ಊರಿಗೆ ವರ್ಷಕ್ಕ ಬೀಳೂದು 600 ಮಿಲಿಮೀಟರ್ ಆಸುಪಾಸು ಮಳಿ, ಅದರಾಗೂ ಸೆಪ್ಟೆಂಬರ್‌ನ್ಯಾಗ ಹೆಚ್ಚು. ಇಂಥಾ ನೆಲದಾಗ ತಾನಾಗೇ ಬೆಳಿಯೂದು ದಟ್ಟ ಅಡವಿ ಅಲ್ಲ, ಹುಲ್ಲಿನ ನಡಕ ಕಂಟಿ, ಕಂಟಿ ನಡಕ ದೂರ ದೂರ ಒಂದೊಂದು ಗಿಡ. ಇದು ಕೆಟ್ಟು ಹೋದ ಅಡವಿ ಅಲ್ಲ, ಇದರ ಸ್ವರೂಪಾನ ಹಂಗ. ನೋಡಬೇಕಂದ್ರ ಬೀಳಗಿ ಕಡೆ ಯಡಹಳ್ಳಿ ಚಿಂಕಾರ ವನ್ಯಧಾಮಕ್ಕ ಹೋಗಿಬರ್ರಿ, 2016ರಾಗ ಘೋಷಣೆ ಆಗಿದ್ದು, 96 ಚದರ ಕಿಲೋಮೀಟರ್, ಚಿಂಕಾರ ಬದುಕಿರೂದು ಇಂಥಾ ಕುರುಚಲು ನೆಲದಾಗನ. ಆದ್ರ ಸರ್ಕಾರದ ವೇಸ್ಟ್‌ಲ್ಯಾಂಡ್ ಅಟ್ಲಾಸ್‌ನ್ಯಾಗ ಕುರುಚಲು ಭೂಮೀನ ಬಂಜರ ಲೆಕ್ಕದಾಗ ಹಾಕ್ಯಾರ, ಹಿಂಗಾಗಿ ಖುಲ್ಲಾ ಜಾಗಾ ಕಂಡ್ರ ಎಲ್ಲಾರಿಗೂ "ಸುಮ್ನ ಬಿದ್ದೈತಿ" ಅನಸತೈತಿ.

ಕೋಟಿ ವೃಕ್ಷ ಅಭಿಯಾನ ನಮ್ಮ ಜಿಲ್ಲಾದ ಮಂದಿಗೆ ಗಿಡದ ಮ್ಯಾಲ ಪ್ರೀತಿ ಹುಟ್ಟಿಸೇತಿ, ಅದು ಭಾಳ ಛಲೋ ಕೆಲಸ, ರೋಡಿನ ಬಾಜೂಕ, ಸಾಲಿ ಅಂಗಳದಾಗ, ಕೆರಿ ದಂಡಿಗೆ ನೆರಳು ಬೇಕೇ ಬೇಕು. ನಾ ಹೇಳೂದು ಇಷ್ಟ: ಖುಲ್ಲಾ ಕಂಡದ್ದೆಲ್ಲಾ ಗಿಡದಿಂದ ತುಂಬಬ್ಯಾಡ್ರಿ. ಮಿಯಾವಾಕಿ ಪದ್ಧತಿ ಅಂತ ಒಂದ್ ಚದರ ಮೀಟರಿಗೆ 3-4 ಸಸಿ ಹಚ್ಚೂದನ್ನೂ ನಮ್ಮ ಮಡ್ಡಿ ನೆಲಕ್ಕ ನಾ ಒಪ್ಪೂದಿಲ್ಲ, ಎರಡು ಮೂರು ವರ್ಷ ಟ್ಯಾಂಕರ್ ನೀರು ಬೇಕು, ಮತ್ತ ಅಲ್ಲಿದ್ದ ನೆಲಗುಬ್ಬಿ, ಟಿಟ್ಟಿಭಕ್ಕ ಕಾಲಿಡಾಕ ಜಾಗಾ ಉಳಿಯೂದಿಲ್ಲ.

ಜಾಗಾ ಯಾರದು, ಪರವಾನಗಿ ಯಾರು ಕೊಡಬೇಕು

ಇದನ್ನ ಮೊದಲ ಮುಗಿಸ್ರಿ. ಲೇಔಟ್ ಗಾರ್ಡನ್, ಕೆರಿ ದಂಡಿ ಇದ್ರ ಮಹಾನಗರ ಪಾಲಿಕೆ ಅಥವಾ ಜಾಗಾ ಯಾರ ಹೆಸರಿಲೆ ಐತಿ ಅವರಿಂದ ಕಾಗದದ ಮ್ಯಾಲ ಪರವಾನಗಿ ತಗೋರಿ, ಬಾಯಿಮಾತು ನಂಬಿ ಕೆಲಸ ಚಾಲೂ ಮಾಡಬ್ಯಾಡ್ರಿ. ಬೆಳದ ಗಿಡ ಯಾವುದರೆ ಕಡಿಯೂದಿದ್ರ ಅರಣ್ಯ ಇಲಾಖೆ ಟ್ರೀ ಆಫೀಸರ್‌ನ ಕೇಳ್ರಿ, 1976ರ ಮರ ಸಂರಕ್ಷಣಾ ಕಾಯ್ದೆ ಐತಿ. ಗೋಳಗುಮ್ಮಟ, ಕೋಟಿ ಗ್ವಾಡಿ, ಕಂದಕ ಇಂಥಾ ಸಂರಕ್ಷಿತ ಸ್ಮಾರಕದ ಹತ್ರ ಆದ್ರ ಪುರಾತತ್ವ ಇಲಾಖೆ ಕೇಳಲಾರದ ಒಂದ್ ಗುದ್ದಲಿನೂ ಹಾಕಬ್ಯಾಡ್ರಿ, 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಹಳೀ ಗ್ವಾಡಿ ಸಮೀಪ ಆಲ, ಅರಳಿ ಅಂತೂ ಬ್ಯಾಡೇ ಬ್ಯಾಡ, ಬೇರು ಕಲ್ಲಿನ ಸಂದ್ಯಾಗ ಹೊಕ್ಕು ಸೀಳತಾವು.

ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ರಿಜಿಸ್ಟರ್ ಮಾಡಬೇಕು. ನೀವು ಮಾಡೂ ಲೆಕ್ಕದ ಒಂದ್ ಪ್ರತಿ ಅವರಿಗೆ ಕೊಡ್ರಿ. ಮುಂದ ಯಾರರೆ "ಇಲ್ಲಿ ಏನೂ ಇರಲಿಲ್ಲ" ಅಂದ್ರ ತೋರಸಾಕ ಕಾಗದ ಇರತೈತಿ.

ಒಂದ್ ವರ್ಷ ಏನೂ ಹಚ್ಚಬ್ಯಾಡ್ರಿ, ನೋಡ್ರಿ

ಎಲ್ಲಾರೂ ಬಿಟ್ಟಬಿಡೂದು ಇದನ್ನ, ಮತ್ತ ನನ್ನ ಪ್ರಕಾರ ಅರ್ಧ ಕೆಲಸ ಇದ. ಬ್ಯಾಸಗ್ಯಾಗ ಒಣಗಿ ಸತ್ತಂಗ ಕಾಣೂ ನೆಲದಾಗ ಮಿರಗದ ಮಳಿ ಬಿದ್ದ ಹದಿನೈದು ದಿನಕ್ಕ ಏನೇನು ಏಳತಾವು ಅಂತ ನೋಡಿದ್ರ ನೀವ ಬೆರಗಾಗತೀರಿ. ಬೀಜ, ಗಡ್ಡಿ ಎಲ್ಲಾ ಮಣ್ಣಾಗ ಇರತಾವು. ಕನಿಷ್ಠ ಒಂದ್ ಬ್ಯಾಸಗಿ, ಒಂದ್ ಮಳಿಗಾಲ, ಒಂದ್ ಚಳಿಗಾಲ ನೋಡ್ರಿ.

ನೋಡೂದಂದ್ರ ಸುಮ್ನ ಅಡ್ಡಾಡೂದಲ್ಲ, ಲೆಕ್ಕ ಇರಬೇಕು. ನಾವು ಮಾಡೂದು ಹಿಂಗ:

ಫೋಟೋ. ನಾಕು ಮೂಲಿಗೆ ನಾಕು ಕಲ್ಲು ಹುಗದು ಬಣ್ಣಾ ಹಚ್ಚಿ, ಪ್ರತಿ ತಿಂಗಳ 1ನೇ ತಾರೀಕು ಅದೇ ಕಲ್ಲಿನ ಮ್ಯಾಲ ನಿಂತು ಅದೇ ದಿಕ್ಕಿಗೆ ಒಂದ್ ಫೋಟೋ. ಖರ್ಚಿಲ್ಲ, ಮೂರು ವರ್ಷ ಆದ ಮ್ಯಾಲ ಇದರಷ್ಟು ಬೆಲಿ ಯಾವುದಕ್ಕೂ ಇಲ್ಲ.

ಹುಲ್ಲು, ಸಣ್ಣ ಸಸಿ. ನಾಕು ಬಡಗಿ ಕಟ್ಟಿ 1 ಮೀಟರ್‌ಗೆ 1 ಮೀಟರ್ ಚೌಕ ಮಾಡ್ಕೋರಿ. ಜಾಗಾಕ್ಕ ನಕ್ಷೆ ಹಾಕಿ ಮನಿ ಮನಿ ಮಾಡಿ ನಂಬರ್ ಕೊಟ್ಟು, ಚೀಟಿ ಎತ್ತಿ 10 ಮನಿ ಆರಸ್ರಿ. ಕಣ್ಣಿಗೆ ಛಂದ ಕಂಡಲ್ಲೇ ಚೌಕ ಇಟ್ರ ಲೆಕ್ಕ ತಪ್ಪತೈತಿ, ಅದಕ್ಕ ಚೀಟಿ. ಪ್ರತಿ ಚೌಕದಾಗ ಯಾವ ಯಾವ ಸಸಿ, ಎಷ್ಟು ಭಾಗ ಮುಚ್ಚೇತಿ, ಎಷ್ಟು ಖಾಲಿ ನೆಲ ಅಂತ ಬರೀರಿ. ಕಂಟಿಗೆ 5 ಮೀಟರ್ ಚೌಕ, ದೊಡ್ಡ ಗಿಡ ಇದ್ರ 10 ಮೀಟರ್. ಮಳಿಗಾಲದ ಕೊನೀಗೆ ಒಂದ್ ಸಲ, ಬ್ಯಾಸಗ್ಯಾಗ ಒಂದ್ ಸಲ.

ಹಕ್ಕಿ. ತಿಂಗಳಿಗೆ ಎರಡು ಸಲ, ಹೊತ್ತು ಹುಟ್ಟಿ ಎರಡು ತಾಸಿನೊಳಗ, ಒಂದ ಜಾಗಾದಾಗ 10 ನಿಮಿಷ ನಿಂತು ಕಂಡದ್ದು ಕೇಳಿದ್ದು ಎಲ್ಲಾ ಬರೀರಿ, ಇ-ಬರ್ಡ್ ಆ್ಯಪ್‌ನ್ಯಾಗ ಕಂಪ್ಲೀಟ್ ಚೆಕ್‌ಲಿಸ್ಟ್ ಅಂತ ಹಾಕ್ರಿ. ಕಾಗಿ, ಪಾರಿವಾಳ ಬಿಟ್ಟು ಬರಿಯೂದು ತಪ್ಪು, ಅವು ಹೆಚ್ಚಾದ್ರ ಕಡಿಮಿ ಆದ್ರ ಅದೂ ಒಂದ್ ಸುದ್ದಿನ. ಕಲಿಯಾಕ ಮೊದಲ ಭೂತನಾಳ ಕೆರಿ, ಬೇಗಂ ತಲಾಬ್ ಕಡೆ ನಾಕು ಮುಂಜಾನಿ ಹೋಗ್ರಿ, ಕೈ ಕೂಡತೈತಿ.

ಪಾತರಗಿತ್ತಿ. ಬಿಸಲೇರಿದ ಮ್ಯಾಲ, ಗಾಳಿ ಇಲ್ಲದ ದಿನ, ಒಂದ ಕಾಲುದಾರಿ ಹಿಡದು ಸಾವಕಾಶ ನಡೀರಿ, ಎಡಕ ಬಲಕ ಎರಡೂವರಿ ಮೀಟರ್, ಮುಂದ 5 ಮೀಟರ್, ಅಷ್ಟರಾಗ ಕಂಡದ್ದು ಮಾತ್ರ ಎಣಿಸ್ರಿ. ಹೆಸರು ಗೊತ್ತಾಗಲಿಲ್ಲಂದ್ರ ಫೋಟೋ ತಗದು ಐ-ನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದ್ರ ತಿಳದಾವ್ರು ಹೇಳತಾರ.

ಮತ್ತ ಆ್ಯಪ್ ಬಿಟ್ಟು ಮನಶ್ಯಾರನ್ನ ಕೇಳ್ರಿ. ನಮ್ಮ ಜಾಗಾದ ಬಾಜೂಕ ಕುರಿ ಮೇಯಿಸೂ ಅಜ್ಜಾ ಒಬ್ರು ನಾವು ಲಾನ್ ಹಾಕೂ ವಿಚಾರದಾಗ ಇದ್ದಾಗ ಬಂದು, "ತಮ್ಮಾ, ಇದ್ದ ಹುಲ್ಲು ತಗದು ಹುಲ್ಲು ಹಚ್ಚತೀರೇನು?" ಅಂತ ಕೇಳಿದ್ರು. ಯಾವ ಹುಲ್ಲು ಯಾವ ಮಳಿಗೆ ಬರತೈತಿ, ಯಾವುದನ್ನ ಕುರಿ ಮೊದಲ ಮೇಯತೈತಿ, ಯಾವುದು ಬರಗಾಲದಾಗೂ ಬುಡ ಬಿಡೂದಿಲ್ಲ, ಎಲ್ಲಾ ಅವರಿಗೆ ಗೊತ್ತಿತ್ತು. ನಮ್ಮ ಮೊದಲ ಲಿಸ್ಟ್ ಬರದದ್ದು ಅವರು ಹೇಳಿದಂಗ. ಹಳೀ ಸ್ಮಶಾನ, ಗುಡಿ ಜಾಗಾ, ರೈಲ್ವೆ ಹಳಿ ಬಾಜೂನ ಪಟ್ಟಿ, ಇಂಥಾ ಕಡೆ ಯಾರೂ ಕೆತ್ತಲಾರದ ನೆಲ ಉಳದಿರತೈತಿ, ನಿಮ್ಮ ಜಾಗಾ ಹೆಂಗ ಆಗಬೇಕು ಅನ್ನೂದಕ್ಕ ಮಾದರಿ ಅದ.

ಮಣ್ಣು, ನೀರು

ಒಂದ್ ಫೂಟ್ ಆಳ ಕುಣಿ ತೋಡಿ ನೀರು ತುಂಬಿಸಿ ಇಂಗಾಕ ಬಿಡ್ರಿ, ಎರಡನೇ ಸಲ ತುಂಬಿಸಿ ಎಷ್ಟು ಹೊತ್ತಿಗೆ ಇಂಗತೈತಿ ನೋಡ್ರಿ. ಗರಸು ಮಡ್ಡಿ ಇದ್ರ ಜಲ್ದಿ ಇಳೀತೈತಿ, ಎರಿ, ಅಂದ್ರ ಕರಿ ಮಣ್ಣು, ಇದ್ರ ತಾಸುಗಟ್ಟಲೆ ನಿಂತಿರತೈತಿ. ಎರಿ ಮಣ್ಣು ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಕ ಬಿಡತೈತಿ, ಆ ಬಿರಕು ಸಣ್ಣ ಸಸಿ ಬೇರನ್ನ ಹರದು ಹಾಕತೈತಿ, ಅದಕ್ಕ ಎರ್ಯಾಗ ಸಸಿ ಬುಡಕ್ಕ ಜ್ವಾಳದ ಕಣಿಕಿ ಮುಚ್ಚಿಗಿ ತಪ್ಪಸಬಾರದು. ಊರಾಗಿನ ಜಾಗಾ ಆದ್ರ ಇನ್ನೊಂದು ತೊಂದ್ರಿ, ಮನಿ ಕಟ್ಟಿದ ರಾಡಿ, ಸಿಮೆಂಟ್, ಟೈಲ್ಸ್ ಚೂರು ಒಂದ್ ಫೂಟ್ ತನಕ ಇರತೈತಿ, ಅದನ್ನ ಕೈಲೆ ಆರಸಿ ತಗೀರಿ, ಜೆಸಿಬಿ ಬ್ಯಾಡ, ಹೊರಗಿಂದ ಮಣ್ಣು ತಂದು ಹಾಕೂದೂ ಬ್ಯಾಡ, ಆ ಮಣ್ಣಿನ ಜೋಡಿ ಕಾಂಗ್ರೆಸ್ ಬೀಜ ಬರತಾವು.

ನೀರಿನ ಲೆಕ್ಕ ಮಾಡಿ ನೋಡ್ರಿ. 12 ಗುಂಟಾ ಅಂದ್ರ ಸುಮಾರು 1,214 ಚದರ ಮೀಟರ್, ಅದರ ಮ್ಯಾಲ 10 ಮಿಲಿಮೀಟರ್ ಮಳಿ ಬಿದ್ರ 12,000 ಲೀಟರ್ ನೀರು, ವರ್ಷಕ್ಕ 600 ಮಿಲಿಮೀಟರ್ ಹಿಡದ್ರ 7 ಲಕ್ಷ ಲೀಟರ್‌ಕ್ಕೂ ಮಿಕ್ಕಿ. ಇಳಿಜಾರಿಗೆ ಅಡ್ಡ ಒಂದ್ ಫೂಟ್ ಆಳದ ಸಣ್ಣ ಕಾಲುವಿ ತಗದು, ಮಣ್ಣನ್ನ ಕೆಳಗಿನ ಬಾಜೂಕ ಒಡ್ಡು ಹಾಕಿದ್ರ ಇದರಾಗ ಒಂದ್ ಪಾಲು ಅಲ್ಲೇ ಇಂಗತೈತಿ. ಇದನ್ನ ರೋಹಿಣಿ ಮಳಿ ಮುಂಚೆ ಮುಗಿಸ್ರಿ.

ಬ್ಯಾಡಾದ್ದನ್ನ ತಗಿಯೂದು

ಬಳ್ಳಾರಿ ಜಾಲಿ ನಮ್ಮದಲ್ಲ, ಅಮೆರಿಕ ಖಂಡದ ಗಿಡ, 1870ರ ದಶಕದಾಗ ಭಾರತಕ್ಕ ತಂದದ್ದು. ನೆಲದ ಮಟ್ಟಕ್ಕ ಕಡದ್ರ ಒಂದಿದ್ದದ್ದು ಹತ್ತು ಟಿಸಿಲು ಒಡೀತೈತಿ, ಹಂಗ ಕಡಿಯೂದಕ್ಕಿಂತ ಸುಮ್ನ ಬಿಡೂದ ಛಲೋ. ಬುಡದ ಸುತ್ತ ಒಂದ್ ಫೂಟ್ ತೋಡಿ ಬೇರಿನ ಗಂಟು ಸಮೇತ ತಗೀಬೇಕು. ಕಾಯಿ ಆಗೂ ಮುಂಚೆ ತಗೀರಿ, ಯಾಕಂದ್ರ ಆಡು ಕುರಿ ಕಾಯಿ ತಿಂದು ಹಿಕ್ಕಿ ಹಾಕಿದಲ್ಲೆಲ್ಲಾ ಹುಟ್ಟತೈತಿ. ಆದ್ರ ಒಮ್ಮಿಗೆ ಎಲ್ಲಾ ತಗೀಬ್ಯಾಡ್ರಿ! ಬ್ಯಾರೆ ಕಂಟಿ ಇಲ್ಲದ ಜಾಗಾದಾಗ ಹಕ್ಕಿ ಅದರಾಗ ಗೂಡು ಕಟ್ಟಿರತಾವು, ಮುಂಗಲಿ ಅದರ ಬುಡಕ ಇರತೈತಿ. ವರ್ಷಕ್ಕ ಮೂರರಾಗ ಒಂದ್ ಪಾಲು ತಗದು ಅಲ್ಲಿ ನಮ್ಮ ಕಂಟಿ ಹಚ್ಚಿ, ಅವು ಎದ್ದು ನಿಂತ ಮ್ಯಾಲ ಮುಂದಿನ ಪಾಲು. ಕಡದ ಮುಳ್ಳನ್ನ ಸುತ್ತ ಬೇಲಿ ಹಾಕ್ರಿ, ದಪ್ಪ ಕಟಗಿ ಒಲಿಗೆ ಬೇಕಾದವ್ರಿಗೆ ಕೊಡ್ರಿ.

ಕಾಂಗ್ರೆಸ್ ಕಸ, ಪಾರ್ಥೇನಿಯಂ, ಹೂವಾಗೂ ಮುಂಚೆ ನೆಲ ಹಸಿ ಇದ್ದಾಗ ಬೇರು ಸಮೇತ ಕೀಳ್ರಿ. ಒಂದ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದರಸತೈತಿ. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ವಸ್ತ್ರ ಇಲ್ಲದ ಯಾರನ್ನೂ ಇಳಸಬ್ಯಾಡ್ರಿ, ಚರ್ಮಕ್ಕ ತುರಿಕಿ, ಕೆಲವರಿಗೆ ದಮ್ಮು ಬರತೈತಿ. ಎಲಿ ಮ್ಯಾಲ ಬಿಳಿ ಮೈಮ್ಯಾಲ ಕಂದು ಗೀರು ಇರೂ ಸಣ್ಣ ದುಂಬಿ ಕಂಡ್ರ ಕೊಲ್ಲಬ್ಯಾಡ್ರಿ, ಅದು ಕಾಂಗ್ರೆಸ್ ತಿನ್ನಾಕಂತನ ಮೆಕ್ಸಿಕೋದಿಂದ ತರಿಸಿ 1984ರಾಗ ಬಿಟ್ಟ ಹುಳ. ಖರೇ ಔಷಧ ಅಂದ್ರ ನೆಲ ಖಾಲಿ ಕೆದರಿ ಬಿಡದ ಹುಲ್ಲು ಹಬ್ಬಿಸೂದು.

ಬೀಜ, ಸಸಿ, ಹುಲ್ಲು

ಅರಣ್ಯ ಇಲಾಖೆ ನರ್ಸರ್ಯಾಗ ರಿಯಾಯಿತಿ ದರಕ್ಕ ಬೇವು, ಹುಲಗಲ ಅಂದ್ರ ಹೊಂಗಿ, ಇಂಥಾ ಸಸಿ ಸಿಗತಾವು. ಕಂಟಿ, ಹುಲ್ಲು ಸಿಗೂದು ಅಪರೂಪ, ಅವನ್ನ ನಾವ ಮಾಡ್ಕೋಬೇಕು. ಬೀಜ ಊರ ಸುತ್ತ 20-30 ಕಿಲೋಮೀಟರ್ ಒಳಗ ಆರಸ್ರಿ, ಒಂದ ಗಿಡದಿಂದ ಎಲ್ಲಾ ತಗೀಬ್ಯಾಡ್ರಿ, ಹತ್ತು ಗಿಡದಿಂದ ಸ್ವಲ್ಪ ಸ್ವಲ್ಪ. ಬೇವಿನ ಬೀಜ ಎರಡು ಮೂರು ವಾರದಾಗ ಜೀವ ಕಳಕೊಳ್ಳತೈತಿ, ತಾಜಾನ ಹಾಕ್ರಿ. ಜಾಲಿ, ಕಕ್ಕಿ, ತಂಗಡಿ ಬೀಜದ ಸಿಪ್ಪಿ ಗಟ್ಟಿ, ಕುದಿಯೂ ನೀರು ಒಲಿಯಿಂದ ಇಳಿಸಿ ಬೀಜದ ಮ್ಯಾಲ ಸುರುವಿ ರಾತ್ರಿ ಪೂರ್ತಿ ಆರಾಕ ಬಿಡ್ರಿ, ಮುಂಜಾನಿ ಉಬ್ಬಿದ್ದನ್ನ ಬಿತ್ತಿ ಉಳದದ್ದಕ್ಕ ಮತ್ತೊಮ್ಮೆ ಹಂಗ ಮಾಡ್ರಿ.

ಗಿಡ ಕಡಿಮಿ ಇರಲಿ. ನಮ್ಮ 12 ಗುಂಟಾಕ್ಕ 15 ದೊಡ್ಡ ಗಿಡ ಸಾಕಾದ್ವು: ಬನ್ನಿ, ಜಾಲಿ, ಬೇವು, ಕಮರಾ, ತಪಸಿ, ಎಲ್ಲಾ ಅಂಚಿಗೆ. ಬನ್ನಿ ಅಂತ ನಮ್ಮ ಕಡೆ ಎರಡು ಗಿಡಕ್ಕ ಕರೀತಾರ, ಪ್ರೊಸೋಪಿಸ್ ಸಿನರೇರಿಯಾ ಮತ್ತ ಅಕೇಶಿಯಾ ಫೆರುಜಿನಿಯಾ, ಎರಡೂ ಈ ಒಣ ನೆಲದ್ದ. ದಸರಾದಾಗ ಮಂದಿ ಬನ್ನಿ ಮುಡಿಯಾಕ ಬಂದು ಟೊಂಗಿನ ಮುರದು ಒಯ್ಯತಾರ, ಎಳೀ ಗಿಡ ಅದರಾಗ ಸಾಯತೈತಿ, ಅದಕ್ಕ ನಾವು ಆವತ್ತು ಒಬ್ರು ನಿಂತು ಎಲಿ ಕಿತ್ತು ಕೊಡತೀವಿ. ಕಂಟಿ ಜಾಸ್ತಿ ಇರಲಿ: ಬಾರಿ, ಕವಳಿ, ತಂಗಡಿ, ಲಕ್ಕಿ, ಎಕ್ಕಿ. ಬೇಲಿ ಮ್ಯಾಲ ಅಮೃತಬಳ್ಳಿ, ಗುಲಗಂಜಿ ಹಬ್ಬಿಸ್ರಿ. ಎಕ್ಕಿ ಗಿಡ ಕಂಡ್ರ ಕೀಳೂದು ನಮ್ಮ ಮಂದಿ ಸ್ವಭಾವ, ಆದ್ರ ಅದರ ಎಲಿ ತಳಕ ಹೊಳ್ಳಿಸಿ ನೋಡ್ರಿ, ಕಪ್ಪು ಬಿಳಿ ಹಳದಿ ಬಳಿ ತೊಟ್ಟಂಗ ಇರೂ ಹುಳ ಇರತೈತಿ, ಪ್ಲೇನ್ ಟೈಗರ್ ಪಾತರಗಿತ್ತಿ ಮರಿ, ಎಕ್ಕಿ ಹಾಲು ತುಂಬಿದ ಎಲಿ ತಿಂದನ ಬೆಳೀತೈತಿ. ಓಣಿ ಹುಡುಗ್ರಿಗೆ ಅವನ್ನ ಎಣಿಸೂ ಕೆಲಸ ಕೊಟ್ಟೀವಿ, ಈಗ ಎಕ್ಕಿ ಕೀಳಾಕ ಯಾರರೆ ಬಂದ್ರ ಅವರ ಅಡ್ಡ ನಿಲ್ಲತಾರ.

ಕುಣಿ ಒಂದೂವರಿ ಫೂಟ್ ಚೌಕ, ಅಷ್ಟ ಆಳ, ಏಪ್ರಿಲ್‌ನ್ಯಾಗ ತೋಡಿ ಬಿಸಲಿಗೆ ಬಿಡ್ರಿ, ಮಿರಗ ಆರಿದ್ರಾದಾಗ ಎರಡು ಹದ ಮಳಿ ಆದ ಮ್ಯಾಲ ಹಚ್ಚರಿ. ಆದ್ರ ಹಕ್ಕಿ ಗೂಡಿಲ್ಲದ್ದು ನೋಡ್ಕೊಂಡ ತೋಡ್ರಿ. ದೊಡ್ಡ ಸಸಿ ಆಸೆಗೆ ಬೀಳಬ್ಯಾಡ್ರಿ, ಚೀಲದಾಗ ಬೇರು ಸುತ್ತಿಕೊಂಡ ಆಳೆತ್ತರದ ಸಸಿಕಿಂತ ಎರಡು ಫೂಟಿನ ಸಸಿ ನಮ್ಮ ನೆಲ ಜಲ್ದಿ ಹಿಡೀತೈತಿ.

ಹುಲ್ಲಿಗೆ ಬರ್ತೀನಿ, ನನಗ ಭಾಳ ಪ್ರೀತಿದು ಇದು. ನವೆಂಬರ್, ಡಿಸೆಂಬರ್‌ನ್ಯಾಗ ತೆನಿ ಒಣಗಿದಾಗ ಬೀಜ ಆರಸಿ ಗಾಳ್ಯಾಡೂ ಅರಬಿ ಚೀಲದಾಗ ಇಡ್ರಿ, ಆರು ತಿಂಗಳ ಇಟ್ರ ಮೊಳಕಿ ಛಲೋ ಬರತೈತಿ, ಮಳಿ ಮುಂದ ಮಣ್ಣು ಸೆಗಣಿ ಜೋಡಿ ಕಲಸಿ ಚೆಲ್ಲರಿ. ಊಬಿನ ಹುಲ್ಲು, ಹೆಟೆರೊಪೊಗಾನ್ ಅಂತಾರ ಶಾಸ್ತ್ರದಾಗ, ಅದರ ಒಂದ್ ಬೀಜ ಅಂಗೈ ಮ್ಯಾಲ ಇಟ್ಟು ಒಂದ್ ಹನಿ ನೀರು ಹಾಕಿ ನೋಡ್ರಿ. ಹಗ್ಗದಂಗ ಹೊಸಕೊಂಡ ಕರಿ ಊಬು ಸಾವಕಾಶ ಬಿಚ್ಚಿ ತಿರಗಾಕ ಹತ್ತತೈತಿ, ಒಣಗಿದಾಗ ಮತ್ತ ಹೊಸೀತೈತಿ, ಹಿಂಗ ತಿರಗಿ ತಿರಗಿ ಬೀಜದ ಚೂಪು ತುದಿ ತಾನ ಮಣ್ಣಾಗ ಇಳೀತೈತಿ. ಇದಕ್ಕ ಮಡ್ಡಿ ನೆಲ ಬೇಕು. ಎರಿಗೆ ಡೈಕ್ಯಾಂಥಿಯಂ ಜಾತಿ ಹುಲ್ಲು, ಕರಿಕಿ ಹೊಂದತಾವು. ಎರಡು ಮೂರು ಕಡೆ ಗರಸು ಕಾಣೂವಂಗ ಖಾಲಿ ನೆಲ ಬಿಡ್ರಿ, ಒಂದ್ ಕಲ್ಲಿನ ಗುಂಪಿ ಇಡ್ರಿ ಓತಿಕ್ಯಾತಕ್ಕ. ಜಾಗಾದಾಗ ಒಂದ್ ಪಟ್ಟಿ, ಐದರಾಗ ಒಂದ್ ಪಾಲು, ಏನೂ ಮಾಡಲಾರದ ಹಂಗ ಬಿಡ್ರಿ. ನಿಮ್ಮ ಕೆಲಸದಿಂದ ಬದಲಾತೋ ಅಥವಾ ಆ ವರ್ಷದ ಮಳಿಯಿಂದೋ ಅಂತ ತಿಳೀಬೇಕಂದ್ರ ಹೋಲಸಾಕ ಆ ಪಟ್ಟಿ ಬೇಕು.

ಮೊದಲ ಎರಡು ಬ್ಯಾಸಗಿ

ಸಸಿ ಬಾಜೂಕ ಒಂದ್ ಮಣ್ಣಿನ ಗಡಿಗಿ ಕುತಗಿ ತನಕ ಹುಗದು ನೀರು ತುಂಬಿ ಮುಚ್ಚರಿ, ಜಿನುಗಿ ಜಿನುಗಿ ಬೇರಿಗೆ ಹೋಗತೈತಿ. ಗಿಡ, ಕಂಟಿಗೆ ಇಷ್ಟ ಸಾಕು, ಹುಲ್ಲಿಗೆ ನೀರು ಬ್ಯಾಡ, ಒಣಗಿ ಹಳದಿ ಆದ್ರ ಸತ್ತಿಲ್ಲ. ಒಣ ಹುಲ್ಲಿಗೆ ಬೆಂಕಿ ಹಚ್ಚಾವ್ರ ಕಾಟ ಫೆಬ್ರುವರಿಯಿಂದ ಚಾಲೂ, ಸುತ್ತ 6 ಫೂಟ್ ಹುಲ್ಲು ಕೊಯ್ದು ಬೆಂಕಿಗೆರೆ ಮಾಡ್ರಿ. ಬೀಜ ಉದರಿದ ಮ್ಯಾಲ ಅರ್ಧ ಜಾಗಾದ ಹುಲ್ಲು ಕೊಯ್ದು ದನ ಇದ್ದಾವ್ರಿಗೆ ಕೊಡ್ರಿ, ಇನ್ನರ್ಧ ನಿಲ್ಲಲಿ, ಮುಂದಿನ ವರ್ಷ ಅದಲ ಬದಲ. ಮೇವು ಸಿಗತೈತಿ ಅಂತ ಗೊತ್ತಾದ್ರ ಅವರ ಕಾವಲು ಕಾಯತಾರ. ಬೀದಿನಾಯಿ ನೆಲದ ಮ್ಯಾಲ ಮರಿ ಮಾಡೂ ಹಕ್ಕಿಗೆ ದೊಡ್ಡ ಆಪತ್ತು, ಬಾಜೂಕ ಊಟದ ಕಸ ಚೆಲ್ಲೂದು ಬಂದ್ ಆದ್ರ ನಾಯಿ ಕಡಿಮಿ ಆಗತಾವು. ಎಲ್‌ಇಡಿ ಫ್ಲಡ್‌ಲೈಟ್ ಒಳಗ ಬ್ಯಾಡ, ದಾರಿ ಮ್ಯಾಲ ಬೇಕಾದ್ರ ಕೆಳಗ ಮಾರಿ ಮಾಡಿ ಹಾಕ್ರಿ.

ಮತ್ತ ಎಣಿಸ್ರಿ, ಗೂಡು ಕಂಡ್ರ ಹಿಂದ ಸರೀರಿ

ಮೊದಲ ವರ್ಷ ಎಣಿಸಿದ್ದನ್ನ ಅದೇ ಚೌಕ, ಅದೇ ಹೊತ್ತು, ಅದೇ ತಿಂಗಳದಾಗ ಪ್ರತಿ ವರ್ಷ ಎಣಿಸ್ರಿ. ಹಚ್ಚಿದ ಸಸ್ಯಾಗ ಎಷ್ಟು ಸತ್ತು ಅನ್ನೂದನ್ನೂ ಬರೀರಿ, ಮುಚ್ಚಿಡಬ್ಯಾಡ್ರಿ. ನಮ್ಮಲ್ಲಿ ಎರಡನೇ ವರ್ಷ ಹಚ್ಚಿದ ಕವಳಿ ಭಾಳ ಹೋದ್ವು, ನೋಡಿದ್ರ ಎಲ್ಲಾ ನೀರು ನಿಲ್ಲೂ ಮೂಲ್ಯಾಗ ಹಚ್ಚಿದ್ವು, ಮುಂದಿನ ಸಲ ದಿಬ್ಬದ ಮ್ಯಾಲ ಹಾಕಿದ್ವಿ, ಹಿಡದ್ವು.

ಮಾರ್ಚ್‌ನಿಂದ ಜೂನ್ ತನಕ ಖಾಲಿ ಗರಸಿನ ಮ್ಯಾಲ ನಡಿಯೂ ಮುಂದ ಕಾಲ ಕೆಳಗ ನೋಡ್ಕೊಂಡ ನಡೀರಿ. ಟಿಟ್ಟಿಭ ಗೂಡು ಅಂತ ಏನೂ ಕಟ್ಟೂದಿಲ್ಲ, ನಾಕು ಹಳ್ಳಿನ ನಡಕ ಸಾಮಾನ್ಯ ನಾಕು ತತ್ತಿ. ತಲಿ ಮ್ಯಾಲ ಬಂದು ಒದರಾಕ ಹತ್ತಿದ್ರ ನಿಂತು, ಬಂದ ಹೆಜ್ಜ್ಯಾಗ ವಾಪಸ್ ಹೋಗ್ರಿ. ಗುರುತಿಗಂತ ತತ್ತಿ ಬಾಜೂಕ ಕೋಲು, ಅರಬಿ ನೆಡಬ್ಯಾಡ್ರಿ, ಕಾಗಿಗೆ ದಾರಿ ತೋರಿಸಿದಂಗ ಆಗತೈತಿ. 15-20 ಹೆಜ್ಜಿ ದೂರ ನಾಕು ಕಲ್ಲಿಗೆ ಸುಣ್ಣಾ ಬಳದ್ರ ಸಾಕು. ಮರಿ ಹೊರಗ ಬರಾಕ ಹತ್ರ ಹತ್ರ ನಾಕು ವಾರ ಬೇಕು. ಈ ಸಲ ಏಪ್ರಿಲ್‌ನ್ಯಾಗ ನಮ್ಮಲ್ಲಿ ಒಂದ್ ಜೋಡಿ ಕುಂತಿತ್ತು, ನೀರಿನ ಟ್ಯಾಂಕರ್ ಡ್ರೈವರ್‌ಗೆ ಹೇಳಿ ನಾಕು ವಾರ ಹಿಂದಿನ ಗೇಟಿನಿಂದ ಬರಾಕ ಮಾಡಿದ್ವಿ, ಕೇಳಿದ ತಕ್ಷಣ ಒಪ್ಪಿಕೊಂಡ್ರು.